ರೈಲಿನಲ್ಲಿ ಬಂದ ಆಟಗಾರನಿಗೆ ಎಂಟು ಅಂಕ ಹೆಚ್ಚು

ನಮ್ಮ ಮಾವನಿಗೆ ಬೇಸ್‌ಬಾಲ್ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೇಸ್‌ಬಾಲಿನ ಬಗ್ಗೆ ಅವರಿಗೆ ಎಲ್ಲವೂ ಗೊತ್ತಿತ್ತು, ಆಟವೊಂದನ್ನು ಬಿಟ್ಟು!

ಮಾವ ಎಂದರೆ ನನ್ನ ತಾಯಿಯ ತಮ್ಮ. ಉಡುಪಿ ಕಡೆಯವರು. ಮುಂಬೈ ಹೊರವಲಯದ ಠಾಕುರ್ಲಿಯಲ್ಲಿ ಮನೆ, ಠಾಣೆಯ ವರ್ತಕ ನಗರದ ಬಳಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಎರಡು ಸಾವಿರದ ನಾಲ್ಕನೇ ಇಸವಿ ಇರಬೇಕು, ಒಂದು ಭಾನುವಾರ ಅತ್ತೆ ಹಳೆ ಪೇಪರಿನ ಕಟ್ಟು ಕೊಟ್ಟು ಅವರನ್ನು ಡೊಂಬಿವಲಿಯ ರದ್ದಿ ಅಂಗಡಿಗೆ ಕಳುಹಿಸಿದರು. ಹೋಗುವಾಗ ಹೊತ್ತದ್ದಕ್ಕಿಂತ ಬರುವಾಗ ಹೊತ್ತದ್ದೇ ಭಾರವಾಗಿತ್ತು. ರಟ್ಟು ಕಿತ್ತುಹೋದ, ಇಟ್ಟಿಗೆಯಂಥ ಅಮೇರಿಕದ ಪುಸ್ತಕ. ನೂರು ವರ್ಷಗಳಲ್ಲಿ ಬೇಸ್‌ಬಾಲ್ ಆಡಿದವರ ಹೆಸರು, ಹೆಸರಿನ ಮುಂದೆ ಸಾಲುಸಾಲು ಅಂಕಿ. ಚಿತ್ರವಿಲ್ಲ, ಕತೆಯಿಲ್ಲ.

"ಇದ್ರಲ್ಲಿ ಓದ್ಲಿಕ್ಕೆ ಎಂತ ಉಂಟು?" ಎಂದರು ಅತ್ತೆ.

"ಎಲ್ಲ ಉಂಟು. ಸುಳ್ಳು ಮಾತ್ರ ಇಲ್ಲ."

ಅಂಕಣಗಳ ಅರ್ಥ ವಿವರಿಸುವ ಪುಟಗಳನ್ನು ಗೆದ್ದಲು ತಿಂದಿತ್ತು. ಹಾಗಾಗಿ ಮಾವ ಸ್ವಂತ ಬುದ್ಧಿಯಿಂದಲೇ ಮುಂದುವರಿದರು. 'ಎಚ್.ಆರ್.' ಎಂಬ ಅಂಕಣವನ್ನು ಮೂರು ತಿಂಗಳು ಅವರು ಮನೆಬಾಡಿಗೆ ಭತ್ಯೆ ಎಂದೇ ನಂಬಿದ್ದರು. ಸಂಬಳದ ಚೀಟಿ ನೋಡಿ ಬದುಕಿದ ಮನುಷ್ಯ, ಬೇರೇನು ತಾನೇ ಯೋಚಿಸಿಯಾರು? ಅದು ಚೆಂಡನ್ನು ಬೇಲಿಯಾಚೆ ಹೊಡೆದ ಲೆಕ್ಕ ಎಂದು ನಾನು ಹೇಳಿದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು. "ಹಾಗಾದ್ರೆ ಆ ಪಾಪದವರು ಎಲ್ಲಿ ವಾಸ ಮಾಡ್ತಿದ್ರು?" ಎಂದರು.

ಮಾವನನ್ನು ಕಾಡಿದ ಪ್ರಶ್ನೆ ಒಂದೇ. ತೊಂಬತ್ತು ವರ್ಷ ಹಿಂದೆ ಆಡಿದವನು ದೊಡ್ಡವನೋ, ಈಗ ಆಡುವವನೋ? ಬೇರೆ ಬೇರೆ ಕಾಲದವರನ್ನು ಹೋಲಿಸಲು ಬರುವುದಿಲ್ಲ ಎಂದು ನಾನು ಅಂದೆ. "ಬರುವುದಿಲ್ಲ ಅನ್ನುವವರು ಸೋಮಾರಿಗಳು" ಎಂದು ಅವರು ಒಂದು ನೋಟ್‌ಬುಕ್ ತೆರೆದರು. ಮೊದಲು ಒಬ್ಬೊಬ್ಬನನ್ನೂ ಅವನ ಕಾಲದವರ ಸರಾಸರಿಯ ಪಕ್ಕದಲ್ಲಿ ನಿಲ್ಲಿಸಿ ಅಳೆಯುವುದು. ಆಮೇಲೆ ಅವನು ಪಟ್ಟ ಕಷ್ಟಗಳಿಗೆ ತಕ್ಕಂತೆ ಅಂಕ ಸೇರಿಸುವುದು. ಹಳೆ ಕಾಲದ ಆಟಗಾರರು ಊರೂರಿಗೆ ರೈಲಿನಲ್ಲಿ ಹೋಗುತ್ತಿದ್ದರಂತೆ, ಈಗಿನವರು ವಿಮಾನದಲ್ಲಿ. ಮಾವ ರೈಲಿನವರಿಗೆ ಎಂಟು ಅಂಕ ಸೇರಿಸಿದರು.

"ಎಂಟು ಜಾಸ್ತಿ ಆಯ್ತಲ್ಲ ಮಾವ?"

"ನೀನು ನವಿ ಮುಂಬೈಯಲ್ಲಿ ಆಫೀಸಿನ ಬಸ್ಸಲ್ಲಿ ಕೂತು ಹೋಗುವವ. ಬೆಳಿಗ್ಗೆ ಎಂಟೂಕಾಲಿಗೆ ಠಾಕುರ್ಲಿಯಲ್ಲಿ ಒಮ್ಮೆ ಹತ್ತಿ ನೋಡು. ಆಮೇಲೆ ಹೇಳು."

ಅದೇ ಎಂಟೂಕಾಲರ ಲೋಕಲ್ಲಿನಲ್ಲಿ ಅವರದ್ದೊಂದು ಗುಂಪಿತ್ತು. ಉಳಿದವರೆಲ್ಲ ಕ್ರಿಕೆಟ್ಟಿನ ಬಗ್ಗೆ ಜಗಳವಾಡುವವರು. ನಡುವೆ ಮಾವ, ಯಾರೂ ಕೇಳದಿದ್ದರೂ, ಯಾವನೋ ಅಮೇರಿಕದವನ ಹೆಸರು ಹೇಳಿ "ಇವರೆಲ್ಲರಿಗಿಂತ ಅವನೇ ಮೇಲೆ" ಎನ್ನುವರು. ಕಲ್ಯಾಣದಿಂದ ಬರುವ ಮರಾಠಿ ಗೃಹಸ್ಥರೊಬ್ಬರು ಮೊದಮೊದಲು ವಿನಯದಿಂದ "ಹಾ ಕೋಣ, ಕಾಕಾ?" ಎಂದು ಅವನು ಯಾರೆಂದು ವಿಚಾರಿಸುತ್ತಿದ್ದರು. ಒಂದು ದಿನ ಅವರೇ ಸಿಟ್ಟಿಗೆದ್ದು, ಹಳೆ ಕಾಲದಲ್ಲಿ ಚೆಂಡು ಎಸೆಯುವವರೇ ದುರ್ಬಲರಿದ್ದಿರಬಹುದಲ್ಲ ಎಂದುಬಿಟ್ಟರು! ಮಾವ ಉತ್ತರ ಕೊಡಲು ತೊಡಗಿದಾಗ ದಿವಾ ದಾಟಿತ್ತು. ಉತ್ತರ ಮುಗಿದಾಗ ಮುಲುಂಡ್ ಬಂದಿತ್ತು. ಇಳಿಯಬೇಕಾದ ಠಾಣೆ ನಡುವೆ ಎಲ್ಲೋ ಹೋಗಿತ್ತು.

ತಡವಾದದ್ದೇಕೆ ಎಂದು ಸಾಹೇಬರು ಕೇಳಿದರು. ಮಾವ ಸುಳ್ಳು ಹೇಳುವವರಲ್ಲ. "ಒಬ್ಬನಿಗೆ ಅನ್ಯಾಯ ಆಗ್ತಾ ಇತ್ತು ಸಾರ್. ತೀರಿಹೋದವ. ಅವನ ಪರವಾಗಿ ಮಾತಾಡುವವರು ಬೇರೆ ಯಾರೂ ಇರ್ಲಿಲ್ಲ." ಸಾಹೇಬರು ಸಂತಾಪ ಸೂಚಿಸಿ, ಅರ್ಧ ದಿನ ರಜೆ ಕೊಟ್ಟು ಕಳುಹಿಸಿದರು.

ಈ ಅಳತೆಗೋಲು ಅಡುಗೆಮನೆಗೂ ಬಂತು. ಒಮ್ಮೆ ಅತ್ತೆ ಪತ್ರೊಡೆ ಮಾಡಿದ್ದರು. ಮಾವ ಎರಡು ತುಂಡು ತಿಂದು, ತೀರ್ಪು ಕೊಟ್ಟರು. "ರುಚಿ ಅಮ್ಮನದ್ದಕ್ಕೆ ಸಮ. ಆದ್ರೆ ಅಮ್ಮನಿಗೆ ಸೌದೆ ಒಲೆ, ಅರೆಯುವ ಕಲ್ಲು. ನಿನಗೆ ಗ್ಯಾಸು, ಮಿಕ್ಸಿ. ಅದನ್ನೆಲ್ಲ ಕಳೆದ್ರೆ ನೀನು ಸ್ವಲ್ಪ ಕೆಳಗೆ."

ಅತ್ತೆ ಸೌಟು ಕೆಳಗಿಡದೆಯೇ ಕೇಳಿದರು. "ಅವ್ರಿಗೆ ನಿಮ್ಮಂಥ ಗಂಡ ಇದ್ರಾ? ಅದಕ್ಕೆ ಎಷ್ಟು ಸೇರಿಸ್ತೀರಿ?"

ನಾನು ನಕ್ಕೆ. ಮಾವ ನಗಲಿಲ್ಲ. "ಇದು ನ್ಯಾಯವಾದ ಪ್ರಶ್ನೆ" ಎಂದು ನೋಟ್‌ಬುಕ್ ತರಲು ಎದ್ದರು. ಅತ್ತೆ ಹನ್ನೊಂದು ಅಂಕಗಳಿಂದ ಗೆದ್ದರು.

ಇಷ್ಟಾದರೂ ಮಾವ ಆ ಆಟವನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅವರ ಮನೆಗೆ ಇಂಟರ್ನೆಟ್ ಬಂದ ವರ್ಷ ನಾನೇ ಉತ್ಸಾಹದಿಂದ ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಪಂದ್ಯ ತೋರಿಸಿದೆ. ಅವರು ಶುಭ್ರ ಶರ್ಟು ಹಾಕಿಕೊಂಡು ಬಂದು ಕೂತರು. ಐದು ನಿಮಿಷ ಏನೂ ನಡೆಯಲಿಲ್ಲ. ಒಬ್ಬ ಉಗುಳಿದ. ಇನ್ನೊಬ್ಬ ಟೋಪಿ ಸರಿಮಾಡಿಕೊಂಡ. ಕೊನೆಗೂ ಒಬ್ಬ ಚೆಂಡನ್ನು ಹೊಡೆದು, ಬ್ಯಾಟು ಎಸೆದು ಓಡಿದ.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಬ್ಯಾಟು ಯಾಕೆ ಬಿಸಾಡಿದ?"

ಡೊಂಬಿವಲಿಯ ಆಸ್ಪತ್ರೆಯಲ್ಲೇ ಹುಟ್ಟಿದ ಅವರ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಗೇಮ್ ಐಸಾ ಹೀ ಹೈ," ಆಟವೇ ಹಾಗೆ ಎಂದಳು.

"ಎಲ್ಲರೂ ಬಿಸಾಡ್ತಾರಾ? ಹಳಬರೂ?"

ಎಲ್ಲರೂ ಎಂದೆ. ಮಾವ ಕುರ್ಚಿಯಿಂದ ಪೂರ್ತಿ ಎದ್ದರು. ಆಮೇಲೆ "ಬಂದ್ ಮಾಡು. ಇದನ್ನು ನೋಡಿದ್ರೆ ಅವರ ಮೇಲೆ ಗೌರವ ಕಡಿಮೆ ಆಗ್ತದೆ" ಎಂದು ಒಳಗೆ ಹೋದರು. ಆಟ ಅವರ ಸಂಶೋಧನೆಗೆ ಅಡ್ಡಿ ಮಾಡಿದ್ದು ಅದೊಂದೇ ಸಲ.

ಮರುವರ್ಷ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬೆಳಿಗ್ಗೆ ಚಹಾ ಸೋಸುತ್ತಿದ್ದವರು ಕುಸಿದರು. ಮೂರು ವಾರ ಕಲ್ಯಾಣದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಮಾತು ಸರಿಯಿತ್ತು, ಬಲಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಮಾವನ ಕೈಗೆ ಒಂದು ಕಾಗದ ಕೊಟ್ಟು, ದಿನವೂ ತುಂಬಿಸಿ ಎಂದಿದ್ದಳು. ಎರಡು ಅಂಕಣ. ಮೊದಲು ಎಷ್ಟು ನಡೆಯುತ್ತಿದ್ದರು, ಈಗ ಎಷ್ಟು ನಡೆಯುತ್ತಾರೆ.

ನಾನು ನೋಡಲು ಹೋದ ಸಂಜೆ ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಕಾಗದ ಮೇಜಿನ ಮೇಲಿತ್ತು. 'ಈಗ' ಎಂಬ ಅಂಕಣ ಮಾವನ ಮುತ್ತಿನಂಥ ಅಕ್ಷರದಲ್ಲಿ ತುಂಬಿತ್ತು. ನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆ. ಆರು. ಐದು. 'ಮೊದಲು' ಎಂಬ ಅಂಕಣದಲ್ಲಿ ಒಂದು ಅಂಕಿಯೂ ಇರಲಿಲ್ಲ.

"ಮಾವ, ಇದು ಬಿಟ್ಟುಹೋಗಿದೆ" ಎಂದೆ. "ಅತ್ತೆ ಮೊದಲು ಎಷ್ಟು ನಡೀತಿದ್ರು ಅಂತ ನಿಮಗೆ ನೆನಪಿಲ್ವಾ?"

"ನೆನಪಿಲ್ಲದೆ ಎಂತ? ಸ್ಟೇಷನ್ನಿಗೆ ಏಳು ನಿಮಿಷ. ಕೈಯಲ್ಲಿ ತರಕಾರಿ ಚೀಲ ಇದ್ರೆ ಎಂಟು. ನಾನು ಯಾವಾಗಲೂ ಹಿಂದೆ ಬೀಳ್ತಿದ್ದೆ."

"ಮತ್ತೆ ಬರೀಲಿಲ್ಲ ಯಾಕೆ?"

ಮಾವ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು.

"ಅವಳು ಓದ್ತಾಳಲ್ಲ, ಮಾರಾಯ."

ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದುಹೋಗಿ, ಅತ್ತೆಯ ಎದುರು ನಿಂತು ಎರಡೂ ಕೈ ಚಾಚಿದರು. "ಬಾ," ಎಂದರು, "ಇವತ್ತಿನದ್ದು ಇನ್ನೂ ಆಗ್ಲಿಲ್ಲ."