ಹೊಗೆಡಬ್ಬಿಯೊಳಗಿನ ನೀರು

ಯಂತ್ರಕ್ಕೆ ಹೆದರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನರೇಗಲ್ಲಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪುಗಳೆಲ್ಲ ಕೊನೆಗೆ ನನ್ನ ಮುಂದೆ ಬಂದು ಮಲಗುತ್ತವೆ. ಅವುಗಳ ಜೊತೆ ಬರುವವರು ತರುವ ಕಥೆಗಳನ್ನು ಕೇಳಬೇಕು ನೀವು. ಒಬ್ಬರ ಮೋಟಾರು ಸಂಜೆಯಾದರೆ ನರಳುತ್ತದೆ, ಇನ್ನೊಬ್ಬರದು ಮನೆಯೊಡತಿ ಬಂದು ಗುಂಡಿ ಒತ್ತಿದರೆ ಮಾತ್ರ ಓಡುತ್ತದೆ. ಮುಶಿಗೇರಿಯ ಹಿರಿಯರೊಬ್ಬರು ತಮ್ಮ ಮೋಟಾರಿಗೆ ದೃಷ್ಟಿಯಾಗಿದೆಯೆಂದು ಅದಕ್ಕೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡೇ ಬಂದಿದ್ದರು. ಎಲ್ಲರಿಗೂ ನನ್ನ ಉತ್ತರ ಒಂದೇ: "ಬೇರಿಂಗ್ ಹೋಗೈತ್ರಿ." ಕಾರಣವಿಲ್ಲದ ಸದ್ದು ಈ ಲೋಕದಲ್ಲಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು ನಾನು. ಅಂಥವನು ಈಗ ನಮ್ಮದೇ ಹಿತ್ತಲಿನಲ್ಲಿ ಒಂದು ಸ್ಟೀಲ್ ಪಾತ್ರೆಯ ಹತ್ತಿರ ಹೋಗುವಾಗ ಚಪ್ಪಲಿ ಬಿಟ್ಟು ಹೋಗುತ್ತೇನೆ. ಇದನ್ನು ದಯವಿಟ್ಟು ನನ್ನ ಗಿರಾಕಿಗಳಿಗೆ ಹೇಳಬೇಡಿ.

ಇದಕ್ಕೆಲ್ಲ ಮೂಲ ನನ್ನ ಹೆಂಡತಿಯ ತಮ್ಮ ಪರಶುರಾಮ. ಗೋವಾದ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಹೋಟೆಲಿನವರು ಹೊಸ ಸಾಮಾನು ತರಿಸಿದಾಗ ಹಳೆಯದೊಂದನ್ನು ಇವನಿಗೆ ದಾಟಿಸಿದರು. ಇವನು ಅದನ್ನು ಲಾರಿಯಲ್ಲಿ ಹಾಕಿಕೊಂಡು ಬಂದು ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಇಳಿಸಿದ. ಕರಿಯ ಕಬ್ಬಿಣದ ಪೀಪಾಯಿ, ನಾಲ್ಕು ಕಾಲು, ಮೇಲೊಂದು ಚಿಮಣಿ, ಪಕ್ಕದಲ್ಲಿ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಕಟ್ಟಿಗೆ ಪುಡಿಯ ಗುಳಿಗೆ ಸುರಿದು ಕರೆಂಟು ಕೊಟ್ಟರೆ, ಒಂದು ತಿರುಪು ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ನೂಕುತ್ತದೆ, ಫ್ಯಾನು ಗಾಳಿ ಊದುತ್ತದೆ, ಮುಚ್ಚಳದೊಳಗೆ ಮಾಂಸ ಬರೀ ಹೊಗೆಯಲ್ಲಿ ನಿಧಾನಕ್ಕೆ ಬೇಯುತ್ತದೆ. "ಮಾವಾರ, ಮಾಂಸದ ಬಾಜೂಕ ಈ ಪಾತ್ರ್ಯಾಗ ನೀರು ಇಡೋದು ಮಾತ್ರ ಮರೀಬ್ಯಾಡ್ರಿ" ಎಂದು ಪರಶುರಾಮ ಒಂದು ಅಗಲವಾದ ಪಾತ್ರೆ ಕೊಟ್ಟು ಹೋದ. ಮೋಟಾರಿನವನಿಗೆ ಅಡುಗೆಯವನು ಬುದ್ಧಿ ಹೇಳುವುದೇ? ನೀರಿಡದೆ ಒಂದು ಕೋಳಿ ಸುಟ್ಟೆ. ಹೊರಬಂದ ವಸ್ತುವನ್ನು ನನ್ನ ಹೆಂಡತಿ ರೇಣುಕಾ ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಚಪ್ಪಲಿ ಉಂಗುಷ್ಟ ಹಚ್ಚಿಸಿದ್ರ ಮಳಿಗಾಲಕ್ಕ ಅಕ್ಕೈತಿ" ಎಂದಳು. ಮರುವಾರ ತೆಪ್ಪಗೆ ನೀರಿಟ್ಟೆ. ಮಾಂಸ ಬೆಣ್ಣೆಯಂತಾಗಿತ್ತು. ಪಾತ್ರೆಯ ನೀರು ಅರ್ಧಕ್ಕೆ ಇಳಿದಿತ್ತು.

ಆ ಇಳಿದ ನೀರನ್ನು ನಾನು ಗಮನಿಸಿರಲಿಲ್ಲ, ಗಮನಿಸಿದವಳು ಅವ್ವ. ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. "ಬಾಗಿಲ ಮುಚ್ಚಿ, ಹೊಗಿ ಹಾಕಿ, ಮಾಂಸ ಇಟ್ಟು, ನೀರ ಇಟ್ಟು... ಇದು ಎಡಿ ಇಟ್ಟಂಗ ಆತಲ್ಲೋ" ಎಂದಳು. ಆಕೆ ಹೇಳಿದ್ದು ತಪ್ಪೇನಿರಲಿಲ್ಲ. ನಮ್ಮ ಮನೆಯಲ್ಲಿ ಹಿರಿಯರ ಅಮಾವಾಸ್ಯೆಗೆ ತೀರಿಕೊಂಡವರ ಹೆಸರಿನಲ್ಲಿ ಮಾಂಸದ ಎಡೆ ಇಡುತ್ತೇವೆ. ಲೋಬಾನದ ಹೊಗೆ ಹಾಕಿ, ಪಕ್ಕದಲ್ಲಿ ನೀರಿಟ್ಟು, ನೀರಿನ ಮಟ್ಟಕ್ಕೆ ಬೂದಿಯಿಂದ ಗೆರೆ ಎಳೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂಡುತ್ತೇವೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನೋಡುವುದು. ನೀರು ಗೆರೆಗಿಂತ ಕೆಳಗಿದ್ದರೆ ಹಿರಿಯರು ಬಂದು ಕುಡಿದರು ಎಂದು ಲೆಕ್ಕ.

ಅಪ್ಪ ತೀರಿಕೊಂಡ ಮೇಲೆ ನೀರು ಆ ಗೆರೆಯಿಂದ ಒಮ್ಮೆಯೂ ಇಳಿದಿರಲಿಲ್ಲ. ಅವ್ವನ ಸಂಕಟ ಅದೇ. ದವಾಖಾನೆಯಲ್ಲಿ ಆಪರೇಷನ್ನಿಗೆ ಮುಂಚೆ ಹನಿ ನೀರೂ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಅಪ್ಪ "ಒಂದ ಗುಟುಕು ಕೊಡ" ಎಂದು ಬೇಡಿದರೂ ಅವ್ವ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಆಪರೇಷನ್ನಿನ ಹೊತ್ತು ಬರುವ ಮೊದಲೇ ಅಪ್ಪ ಹೋಗಿಬಿಟ್ಟರು. ಅಂದಿನಿಂದ ಅವ್ವನ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ. ಔಷಧದ ಗುಳಿಗೆ ನುಂಗಲು ಬೇಕಾದಷ್ಟು ಮಾತ್ರ ಕುಡಿಯುತ್ತಿದ್ದಳು. ರೋಣದ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೀಗೇ ಆದರೆ ನಿಮ್ಮ ತಾಯಿಯ ಕಿಡ್ನಿ ಉಳಿಯುವುದಿಲ್ಲ ಎಂದಿದ್ದರು. ನಾವು ಬೈದೆವು, ಅತ್ತೆವು, ಮಜ್ಜಿಗೆ, ಶರಬತ್ತು ಎಲ್ಲಾ ಮಾಡಿ ನೋಡಿದೆವು. "ಅವರು ಕುಡೀಲಿ, ಆಮ್ಯಾಲ ನಾ ಕುಡಿತೀನಿ" ಎಂಬ ಒಂದೇ ಮಾತು ಆಕೆಯದು.

ಆ ವರ್ಷದ ಹಿರಿಯರ ಅಮಾವಾಸ್ಯೆಗೆ ಎಡೆಯನ್ನು ಈ ಹೊಗೆಡಬ್ಬಿಯಲ್ಲೇ ಇಡಬೇಕೆಂದು ಅವ್ವ ಹಟ ಹಿಡಿದಳು. ಪಾತ್ರೆಗೆ ತಾನೇ ನೀರು ಹಾಕಿ, ತಾನೇ ಬೂದಿಯ ಗೆರೆ ಎಳೆದಳು. ಮಧ್ಯಾಹ್ನ ನಾನು ಮುಚ್ಚಳ ತಟ್ಟಿ ಎತ್ತಿದೆ. ಗೆರೆ ಮೇಲೆಲ್ಲೋ, ನೀರು ಕೆಳಗೆಲ್ಲೋ. ಅವ್ವ ಹಾಗೇ ನೆಲದ ಮೇಲೆ ಕುಸಿದು ಕೂತಳು. "ಕುಡದಾರ" ಎಂದಳು. ಕಾದ ನೀರು ಆವಿಯಾಗುತ್ತದೆ ಅವ್ವಾ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಕೆ ಪಕ್ಕದ ತಂಬಿಗೆ ಎತ್ತಿ, ಕಣ್ಣು ಮುಚ್ಚಿ, ಗಟಗಟನೆ ಪೂರಾ ಕುಡಿದಳು. ರೇಣುಕಾ ನನ್ನ ಕಡೆ ನೋಡಿದಳು. ತೆರೆದ ಬಾಯನ್ನು ನಾನು ಸದ್ದಿಲ್ಲದೆ ಮುಚ್ಚಿಕೊಂಡೆ.

ಅಲ್ಲಿಂದ ಪ್ರತಿ ಅಮಾವಾಸ್ಯೆಗೂ ಇದೇ ಏರ್ಪಾಡು. ಅಪ್ಪ ಕುಡಿದರೆ ಆ ತಿಂಗಳೆಲ್ಲ ಅವ್ವನೂ ಕುಡಿಯುತ್ತಾಳೆ. ಡಾಕ್ಟರು ಮೆಚ್ಚಿಕೊಂಡು ನೀವು ಯಾವ ಔಷಧ ಕೊಟ್ಟಿರಿ ಎಂದು ಕೇಳಿದರು. ಬದುಕಿದ್ದಾಗ ಅಪ್ಪ ಮಡಕೆ ನೀರು ಬಿಟ್ಟು ಬೇರೆ ಕುಡಿಯುತ್ತಿರಲಿಲ್ಲವೆಂದು ಪಾತ್ರೆಗೂ ಮಡಕೆ ನೀರೇ ಬೇಕಾಯಿತು. ಒಟ್ಟಿನಲ್ಲಿ ನಾನು ತೀರಿಕೊಂಡ ತಂದೆಗೆ ನೀರು ಸರಬರಾಜಿನ ಇಂಜಿನಿಯರ್ ಆದೆ. ನಗುತ್ತಲೇ ಮಾಡುತ್ತಿದ್ದೆ, ಆ ಕೆಮ್ಮು ಶುರುವಾಗುವವರೆಗೆ. ಮುಚ್ಚಳ ಹಾಕಿದ ಸ್ವಲ್ಪ ಹೊತ್ತಿಗೆ ಡಬ್ಬಿಯೊಳಗಿನಿಂದ ಎರಡು ಸಣ್ಣ ಕೆಮ್ಮು, ನಂತರ ಒಂದು ಎಳೆದ ಕೆಮ್ಮು. ಅಪ್ಪ ಹೀಗೆಯೇ ಕೆಮ್ಮುತ್ತಿದ್ದರು. ಫ್ಯಾನಿನ ಬೇರಿಂಗ್ ಹೋಗಿದೆ ಎಂದು ನನಗೆ ನಾನೇ ಹೇಳಿಕೊಂಡು ಹೊಸದು ಹಾಕಿದೆ. ಹೊಸ ಬೇರಿಂಗಿನಲ್ಲೂ ಅದೇ ಕೆಮ್ಮು, ಸ್ವಲ್ಪ ಸ್ಪಷ್ಟವಾಗಿ. ಅವ್ವ ಕಲ್ಲಿನ ಮೇಲೆ ಕೂತು, "ಗಂಟಲ ಒಣಗಿರಬೇಕು" ಎನ್ನುತ್ತಿದ್ದಳು.

ಹೋದ ಬೇಸಿಗೆಯ ಒಂದು ಅಮಾವಾಸ್ಯೆ. ಬೆಳಿಗ್ಗೆ ನಾನೇ ಮಾಂಸ ಇಟ್ಟು, ಪಾತ್ರೆ ತುಂಬಿ, ಅವ್ವ ಗೆರೆ ಎಳೆದ ಮೇಲೆ ಮುಚ್ಚಳ ಹಾಕಿ, ಸ್ವಿಚ್ ಒತ್ತಿ ಅಂಗಡಿಗೆ ಹೋದೆ. ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಊರಿಗೆಲ್ಲ ಕರೆಂಟು ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ಊಟದ ಹೊತ್ತಿಗೆ ಥಟ್ಟನೆ ಹೊಳೆಯಿತು: ಬೆಂಕಿ ಹತ್ತುವ ಮೊದಲೇ ಕರೆಂಟು ಹೋಗಿದೆ, ಡಬ್ಬಿ ತಣ್ಣಗಿದೆ. ನೀರು ಗೆರೆಯಲ್ಲೇ ನಿಂತಿದೆ. ಅವ್ವ ಅದನ್ನು ಕಂಡರೆ ಮುಗಿಯಿತು, ನಾಳೆಯಿಂದ ಮತ್ತೆ ಆ ಒಣ ತುಟಿ. ಬೈಕ್ ಹತ್ತಿ ಮನೆಗೆ ಓಡಿದೆ. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ಅಪ್ಪನ ಪಾಲಿನ ನೀರನ್ನು ಅರ್ಧ ಚೆಲ್ಲಿಬಿಡೋಣವೆಂದು ಕಳ್ಳಹೆಜ್ಜೆಯಲ್ಲಿ ಹಿತ್ತಲಿಗೆ ಹೋದೆ. ಬಿಸಿಲು ರಣರಣ ಎನ್ನುತ್ತಿತ್ತು. ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ನೆರಳಿನಲ್ಲಿದ್ದ ಡಬ್ಬಿಯ ಮೇಲೆ ಕೈಯಿಟ್ಟೆ. ಅಷ್ಟು ಬಿಸಿಲಿನಲ್ಲೂ ಅದು ತಣ್ಣಗಿತ್ತು.

ಮುಚ್ಚಳ ಎತ್ತಿದೆ. ಹಸಿ ಮಾಂಸ ಮಸಾಲೆ ಬಳಿದುಕೊಂಡು ಇಟ್ಟ ಹಾಗೇ ಇತ್ತು. ಪಾತ್ರೆ ಖಾಲಿ. ಕಡಿಮೆಯಾಗಿದ್ದಲ್ಲ, ಖಾಲಿ. ತಳದಲ್ಲಿ ಒಂದು ಹನಿಯಿಲ್ಲ, ಬೂದಿಯ ಗೆರೆ ಒಣಗಿ ಬೆಳ್ಳಗೆ ನಿಂತಿತ್ತು. ಬೆಕ್ಕು ಎನ್ನೋಣವೆಂದರೆ ಮಾಂಸ ಬಿಟ್ಟು ನೀರು ಕುಡಿಯುವ ಬೆಕ್ಕು ನಮ್ಮ ಓಣಿಯಲ್ಲಿಲ್ಲ. ಸೋರಿತೆನ್ನೋಣವೆಂದರೆ ಕೆಳಗಿನ ತಗಡು ಒಣಗಿತ್ತು. ಅವ್ವನಿಗೆ ಆ ಮುಚ್ಚಳ ಎತ್ತುವ ಕಸುವಿಲ್ಲ. ನಾನು ಕೆಮ್ಮಿಗಾಗಿ ಕಾದು ನಿಂತೆ. ಕೆಮ್ಮು ಬರಲಿಲ್ಲ. ಕರೆಂಟಿಲ್ಲದೆ ಫ್ಯಾನು ಹೇಗೆ ಕೆಮ್ಮೀತು ಎಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ. ಹೊಟ್ಟೆ ತುಂಬ ನೀರು ಕುಡಿದವರು ಯಾಕೆ ಕೆಮ್ಮುತ್ತಾರೆ ಎಂದಷ್ಟೇ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಸರಿಸಿದೆ.

ರೇಣುಕಾ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಓಹೋ, ಇವಳದೇ ಕೆಲಸ ಎಂದು ನನಗೆ ಜೀವ ಬಂದಂತಾಯಿತು. "ಚಲೋ ಮಾಡಿದಿ. ಆದ್ರ ಪೂರಾ ಯಾಕ ಚೆಲ್ಲಿದಿ?" ಎಂದೆ ಮೆಲ್ಲಗೆ.

ಅವಳ ಮುಖ ಬಿಳಿಚಿತು. "ನಾ ಎಲ್ಲಿ ಚೆಲ್ಲೀನ್ರಿ? ಕರೆಂಟ್ ಇಲ್ಲಂತ ಚೆಲ್ಲಾಕ ಬಂದಿದ್ದೆ, ಖರೇ. ಬರೋದ್ರಾಗ ಖಾಲಿ ಇತ್ತು. ನೀವ ಬಂದು ಹೋಗೀರಿ ಅಂತ ತಿಳಕೊಂಡೆ."

ಮೋಸ ಮಾಡಲು ಬಂದ ಇಬ್ಬರಿಗೂ ಮೋಸಕ್ಕೆ ನೀರೇ ಉಳಿದಿರಲಿಲ್ಲ. ಅಷ್ಟರಲ್ಲಿ ಅವ್ವ ಎದ್ದು ಗೋಡೆ ಹಿಡಿದುಕೊಂಡು ಬಂದಳು. "ಕುಡದಾರೇನೋ?" ಎಂದು ಕೇಳಿದಳು. ಇಷ್ಟು ದಿನ ಅವಳ ಮುಂದೆ ಹೂಂಗುಟ್ಟುತ್ತಿದ್ದವನು ಅಂದು, "ಕುಡದಾರವ್ವಾ, ಪೂರಾ ಕುಡದಾರ" ಎಂದೆ. ಅವ್ವ ತಂಬಿಗೆ ತರಿಸಿ ಕುಡಿದಳು. ಅರ್ಧ ಉಳಿಸಿ ನನ್ನ ಕೈಗಿತ್ತು, "ನೀನೂ ಕುಡಿ, ನಿನ್ನ ತುಟಿ ಒಣಗ್ಯಾವು" ಎಂದಳು.

ಪಾತ್ರೆಯನ್ನು ಆಮೇಲೆ ನೀರು ತುಂಬಿ ಇಟ್ಟು ನೋಡಿದ್ದೇನೆ, ಸೋರುವುದಿಲ್ಲ. ಫ್ಯಾನು ಅಂದಿನಿಂದ ಕೆಮ್ಮಿಲ್ಲ. ಅವ್ವ ಈಗ ನನಗಿಂತ ಹೆಚ್ಚು ನೀರು ಕುಡಿಯುತ್ತಾಳೆ. ಮೊನ್ನೆ ಆ ಮುಶಿಗೇರಿಯ ಹಿರಿಯರು ಮತ್ತೆ ಬಂದು, ಮೋಟಾರನ್ನು ಅಂಗಡಿಯಲ್ಲಿ ಇಳಿಸಿ, ಸುತ್ತ ಯಾರಿಲ್ಲವೆಂದು ನೋಡಿಕೊಂಡು ಹೇಳಿದರು: "ನೀವು ನಗತೀರಿ, ಗೊತ್ತೈತಿ. ಆದ್ರ ಈ ಮೋಟಾರು ಮಧ್ಯಾಹ್ನ ಮಾತಾಡತೈತ್ರಿ." ಬೇರಿಂಗ್ ಎಂಬ ಪದ ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದು ಕೂತು ಕೇಳಿದೆ: "ಏನಂತೈತ್ರಿ?"