ಕಲಗಚ್ಚಿಗಿಳಿದ ಇಂಜಿನ್ನು

ಭಾಮೈದನ ಅಂಗಡಿಗೆ ಕಾಲಿಡದೆಯೇ ದೋಣಿಯ ಇಂಜಿನ್ನು ಸರ್ವೀಸು ಮಾಡುತ್ತೇನೆಂದು ಚಂದ್ರಯ್ಯ ಶಪಥ ಮಾಡಿ ನಾಲ್ಕು ದಿನವಾಗಿತ್ತು. ಮನೆಯೊಳಗೆ ಮಾಡಿದ ಶಪಥವಾದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಇವನು ಮಾಡಿದ್ದು ಗೊರೂರು ಹಿನ್ನೀರಿನ ದಡದಲ್ಲಿ, ಮೀನು ತೂಗುವ ಹೊತ್ತಿನಲ್ಲಿ, ಇಪ್ಪತ್ತು ಜನರ ಎದುರಿಗೆ.

"ನನ್ ಇಂಜಿನ್ ಸರ್ವೀಸು ನಾನೇ ಮಾಡ್ಕತೀನಿ. ಭಾನ್ವಾರ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ತಲೆ ಮ್ಯಾಲೆ ಒತ್ಕಂಡು ಒಳೆನರಸೀಪುರಕ್ಕೆ ಓಯ್ತೀನಿ."

ಹೊಳೆನರಸೀಪುರದಲ್ಲಿ ಇಂಜಿನ್ ರಿಪೇರಿ ಅಂಗಡಿ ಇಟ್ಟಿದ್ದವನೇ ಆ ಭಾಮೈದ, ರಜನೀಶ. ಹಿನ್ನೀರಿನಲ್ಲಿ ಉಳಿದವರೆಲ್ಲ ತೆಪ್ಪಕ್ಕೆ ಹುಟ್ಟು ಹಾಕಿಕೊಂಡು ಬಲೆ ಬಿಡುವವರು. ದೋಣಿಯ ಬಾಲಕ್ಕೆ ಇಂಜಿನ್ನು ಕಟ್ಟಿದವನು ಚಂದ್ರಯ್ಯನೊಬ್ಬನೇ. ಅಂಥ ಒಡೆಯನಿಗೆ ರಜನೀಶ, "ಭಾವ, ಇದ್ನ ನೀವ್ ಬಿಚ್ಚಕ್ಕೋಗ್ಬ್ಯಾಡಿ, ನಿಮ್ ಕೈಲಾಗಕಿಲ್ಲ" ಅಂದಿದ್ದ. ಹೆಣ್ಣು ಕೊಟ್ಟ ಮನೆಯವನು ಹೀಗನ್ನಬಹುದೇ? (ಬಿಚ್ಚಿದರೆ ಇವನ ಕೈಲಿ ಜೋಡಿಸಲಾಗದು ಎಂಬುದು ನಿಜವೇ. ಆದರೆ ನಿಜ ಹೇಳಲು ಭಾಮೈದನೇ ಆಗಬೇಕೆ?)

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಗೋಣಿಚೀಲ ಹಾಸಿ, ಮೊಬೈಲಿನ ವಿಡಿಯೋವನ್ನೇ ಗುರುವೆಂದು ಭಾವಿಸಿ, ಚಂದ್ರಯ್ಯ ಶಸ್ತ್ರಚಿಕಿತ್ಸೆಗೆ ಕೂತ. ಸುಳ್ಳು ಹೇಳಬಾರದು, ಮನುಷ್ಯ ಕೆಲಸ ಮಾಡಿದ. ಪ್ಲಗ್ಗು ಬಿಚ್ಚಿ ಉಜ್ಜಿದ. ಹಳೆಯ ಗೇರ್ ಆಯಿಲ್ ಇಳಿಸಿ ಹೊಸದು ತುಂಬಿದ. ಇಂಜಿನ್ನಿಗೆ ಹಚ್ಚಿದಷ್ಟೇ ಗ್ರೀಸನ್ನು ತನ್ನ ಮೀಸೆಗೂ ಹಚ್ಚಿಕೊಂಡ.

ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದ ಹೆಂಡತಿ ನಾಗಲಕ್ಷ್ಮಿ ಕೇಳಿದಳು, "ನೀರಿನ ಪಂಪು ನೋಡಿದ್ರಾ?"

"ನೀನು ಸೊಪ್ಪು ನೋಡ್ಕ. ಇಂಜಿನ್ ತಾವ ಎಂಗಸ್ರಿಗೇನು ಕೆಲ್ಸ?"

ಈಗ ಉಳಿದದ್ದು ಪರೀಕ್ಷೆ. ದೋಣಿಯ ಇಂಜಿನ್ನು ನೀರು ಎಳೆದುಕೊಂಡೇ ತಣ್ಣಗಾಗಬೇಕು, ನೀರಿಲ್ಲದೆ ಓಡಿಸುವಂತಿಲ್ಲ. ದಡಕ್ಕೆ ಒಯ್ಯೋಣವೆಂದರೆ ಅಲ್ಲಿ ಇಪ್ಪತ್ತು ಜನ ಕಾದಿದ್ದಾರೆ; ಮೊದಲು ಗುಟ್ಟಾಗಿ ನೋಡಿಕೊಳ್ಳುವುದು ಕ್ಷೇಮ. ನಲ್ಲಿಯಲ್ಲಿ ನೀರು ಬಂದು ಮೂರು ದಿನವಾಗಿತ್ತು.

"ಆ ಡ್ರಮ್ಮಿನ ನೀರು ಕೊಡು."

"ಕುಡಿಯೋ ನೀರು. ಮುಟ್ಟಿದ್ರೆ ನೋಡಿ."

ಚಂದ್ರಯ್ಯನ ಕಣ್ಣು ಕೊಟ್ಟಿಗೆಯತ್ತ ಹೋಯಿತು. ಅಲ್ಲಿ ಹಸುವಿನ ಕಲಗಚ್ಚಿನ ಬಾನಿ ತುಂಬಿ ತುಳುಕುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ಬೂಸಾ, ಹೀರೇಕಾಯಿ ಸಿಪ್ಪೆ. ಇದೂ ನೀರೇ ತಾನೆ ಎಂದು ಇಂಜಿನ್ನನ್ನು ಬಾನಿಯ ಅಂಚಿಗೆ ಬಿಗಿದ.

"ಬ್ಯಾಡ ಕಣ್ರೀ," ಅಂದಳು ನಾಗಲಕ್ಷ್ಮಿ.

ಬೇಡವೆಂದ ಮೇಲೆ ಬಿಡುವ ಜಾತಿಯೇ ಅವನದು? ಮೂರನೇ ಎಳೆತಕ್ಕೆ ಇಂಜಿನ್ನು ಗುಡುಗಿತು. ಇಂಜಿನ್ನು ತಣ್ಣಗಿದೆ ಎಂಬುದಕ್ಕೆ ಗುರುತಾಗಿ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಬೆಳ್ಳಗೆ ಗಂಜಿ ಚಿಮ್ಮಿತು, ತೊಟ್ಟಿಕ್ಕಿತು, ನಿಂತೇ ಹೋಯಿತು. ಅದನ್ನು ನೋಡುವ ವ್ಯವಧಾನ ಯಾರಿಗಿದೆ? ಚಂದ್ರಯ್ಯ ಗೆದ್ದ ಗತ್ತಿನಲ್ಲಿ ಗೇರು ಹಾಕಿದ. ನೀರು ತಳ್ಳುವ ಫ್ಯಾನು ಬಾನಿಯೊಳಗೆ ತಿರುಗಿದ್ದೇ ತಡ, ಕಲಗಚ್ಚು ಆಕಾಶಕ್ಕೆದ್ದು ಗೋಡೆಗೆ, ಒಣಹಾಕಿದ ಸೀರೆಗೆ, ಕೊನೆಗೆ ಚಂದ್ರಯ್ಯನಿಗೆ ಸಾಂಗವಾಗಿ ಅಭಿಷೇಕವಾಯಿತು. ಹಸು ತನ್ನ ಮಧ್ಯಾಹ್ನದ ಊಟ ಹಾರಿಹೋಗುವುದನ್ನು ನೋಡುತ್ತ ನಿಂತಿತ್ತು. ಇಂಜಿನ್ನು ಸುಟ್ಟ ವಾಸನೆ ಬಿಟ್ಟು ಕೆಮ್ಮಿ ಸುಮ್ಮನಾಯಿತು.

ಅದೇ ಹೊತ್ತಿಗೆ ಬೈಕು ನಿಲ್ಲಿಸಿ ರಜನೀಶ ಒಳಬಂದ. ಶಪಥದ ಸುದ್ದಿ ಅವನಿಗೂ ಮುಟ್ಟಿತ್ತು.

ಮೀಸೆಯಲ್ಲಿ ಬೂಸಾ ಹೊತ್ತ ಚಂದ್ರಯ್ಯ ಇಂಜಿನ್ನಿಗೆ ಅಡ್ಡ ನಿಂತ. "ಮುಟ್ಟಬ್ಯಾಡ ಕಣ್ಲಾ. ತಲೆ ಮ್ಯಾಲೆ ಒತ್ಕಂಡು ಊರೆಲ್ಲ ತಿರುಗ್ತೀನಿ, ನಿನ್ ಕೈಗೆ ಮಾತ್ರ ಕೊಡಕಿಲ್ಲ."

"ನಾನ್ಯಾಕೆ ಮುಟ್ಲಿ ಭಾವ, ಅಕ್ಕ ಇರೋವಾಗ?"

ನಾಗಲಕ್ಷ್ಮಿ ಸೆರಗು ಸಿಕ್ಕಿಸಿ ಎದ್ದುಬಂದಳು. ಇಂಜಿನ್ನು ಆರುವವರೆಗೆ ಕಾದು, ನಾಲ್ಕು ಬೋಲ್ಟು ಬಿಚ್ಚಿ ಕೆಳಭಾಗ ಕಳಚಿದಳು. ನೀರಿನ ಪಂಪಿನೊಳಗೆ ಬೂಸಾ ಹಿಟ್ಟಿನಂತೆ ಕೂತಿತ್ತು. ಪೊರಕೆ ಕಡ್ಡಿಯಿಂದ ಕೆದಕಿ, ರಬ್ಬರು ರೆಕ್ಕೆ ಹರಿದಿಲ್ಲವೆಂದು ಬೆರಳಾಡಿಸಿ ನೋಡಿ, ಮತ್ತೆ ಜೋಡಿಸಿದಳು. ಇಂಜಿನ್ನನ್ನು ಕುಡಿಯುವ ನೀರಿನ ಡ್ರಮ್ಮಿಗೆ ಅವಳೇ ಬಿಗಿದು ಹಗ್ಗ ಎಳೆದಳು. ಒಂದೇ ಎಳೆತ. ಹಿಂದಿನ ತೂತಿನಿಂದ ನೀರು ದಾರದಂತೆ ಚಿಮ್ಮಿತು.

"ಇದ್ನೆಲ್ಲಾ ಯಾವಾಗ್ ಕಲ್ತೆ?" ಅಂದ ಚಂದ್ರಯ್ಯ.

"ನಮ್ಮೂರು ಅಳೇಕೋಟೇಲಿ ನಮ್ಮಪ್ಪನ ಡೀಸೆಲ್ ಪಂಪ್‌ಸೆಟ್ಟು ಬಿಚ್ಚಿ ಜೋಡಿಸ್ತಿದ್ದಿದ್ದು ಯಾರು ಅನ್ಕಂಡ್ರಿ?"

"ನಂಗೆ ಸ್ಪ್ಯಾನರ್ ಇಡಿಯೋದು ಕಲಿಸಿದ್ದೇ ಅಕ್ಕ," ಅಂದ ರಜನೀಶ.

"ಮದ್ವೆಯಾಗಿ ಅನ್ನೆರಡು ವರ್ಸ ಆಯ್ತು, ಒಂದಿನ ಏಳ್ಲಿಲ್ಲವಲ್ಲೇ."

"ಒಂದಿನ ಕೇಳಿದ್ರಾ?"

ಮಧ್ಯಾಹ್ನ ಇಪ್ಪತ್ತು ಜನರ ಎದುರು ಹಿನ್ನೀರಿನಲ್ಲಿ ಇಂಜಿನ್ನು ಗುಡುಗಿತು. ದಡದಿಂದ ಚನ್ನಪ್ಪ ಕೂಗಿ ಕೇಳಿದ, "ಯಾರ್ ತಾವ ಮಾಡಿಸ್ದೆ ಚಂದ್ರಣ್ಣ?"

ಚಂದ್ರಯ್ಯ ಎದೆ ಸೆಟೆಸಿದ. "ಒರಗಿನೋರ ಕೈಗೆ ನಾನ್ಯಾಕ್ ಕೊಡ್ಲಿ? ನಮ್ಮನೇಲೇ ಮಾಡ್ಕಂಡೊ."

ದೋಣಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ನಾಗಲಕ್ಷ್ಮಿ, ಇಪ್ಪತ್ತು ಜನಕ್ಕೂ ಕೇಳುವಂತೆ ಅಂದಳು, "ಗೇರು ಆಮ್ಯಾಕೆ. ಮೊದ್ಲು ನೀರು ಬತ್ತೈತಾ ನೋಡಿ."

ಚಂದ್ರಯ್ಯ ಬಗ್ಗಿ ನೋಡಿದ. "ಬತ್ತೈತೆ," ಅಂದ.

"ಸರಿ, ಈಗ ಆಕಿ."

ಹಾಕಿದ.