ಧಣಿಯ ಗೊರಕೆ ನಿಂತ ಹೊತ್ತು

ಹೋಟೆಲಿನಲ್ಲಿ ಇಡ್ಲಿ ಮುಗಿದರೂ ನಗುವ ಸಂಗತಿ ಮುಗಿಯುವುದಿಲ್ಲ. ಅದರಲ್ಲೂ ನಮ್ಮ ಧಣಿಯ ಗೊರಕೆ ಕೊಟ್ಟಷ್ಟು ನಗುವನ್ನು, ಆಮೇಲೆ ಅಷ್ಟೇ ಹೆದರಿಕೆಯನ್ನು, ಬೇರೆ ಯಾವುದೂ ಕೊಟ್ಟಿಲ್ಲ. ಉಡುಪಿ ಕಡೆಯಿಂದ ಬಂದು ಚೆನ್ನೈಯಲ್ಲಿ ಹೋಟೆಲು ಇಟ್ಟವರು ಅವರು. ನಾನು ಅಲ್ಲಿ ಮ್ಯಾನೇಜರ್.

ಗಲ್ಲಾದ ನಿದ್ರೆ

ರಾತ್ರಿಯಿಡೀ ಮಲಗಿದರೂ ಧಣಿಗೆ ಹಗಲು ಸುಸ್ತು, ಕೂತಲ್ಲೇ ತೂಕಡಿಕೆ. ಮಾತ್ರೆ ಎಷ್ಟು ಬದಲಾಯಿಸಿದರೂ ಬಿಪಿ ಇಳಿಯುತ್ತಿರಲಿಲ್ಲ. ಒಮ್ಮೆ ತಾಂಬರಂ ರೈಲು ಹಿಡಿಯುವ ಅವಸರದಲ್ಲಿದ್ದ ಗಿರಾಕಿಯೊಬ್ಬರು ನೋಟು ಚಾಚಿದರು. ಧಣಿ ಅದರ ಇನ್ನೊಂದು ತುದಿ ಹಿಡಿದವರು ಹಾಗೇ ನಿದ್ರೆಗೆ ಜಾರಿದರು. ಗಿರಾಕಿ ಮೆಲ್ಲಗೆ ಎಳೆದು ನೋಡಿದರು, ಧಣಿ ಬಿಡಲಿಲ್ಲ. ನಾನು ಓಡಿಬಂದು ತಪ್ಪಾಯಿತು ಎಂದರೆ, ನಿದ್ರೆಯಲ್ಲೂ ಕಸುಬು ಮರೆಯದವರು ಎಂದು ಹೊಗಳಿ ಹೋದರು.

ಮಧ್ಯಾಹ್ನದ ಪರೀಕ್ಷೆ

ಊಟದ ಗದ್ದಲ ಮುಗಿದ ಮೇಲೆ ಧಣಿ ಮಹಡಿಯ ಕೋಣೆಯಲ್ಲಿ ಚಾಪೆ ಹಾಸುತ್ತಿದ್ದರು. ಅವರಿಗೆ ಗೊತ್ತಾಗದಂತೆ ನಾವು ಕೆಲಸದವರೂ ಪಕ್ಕದ ಕೋಣೆಯಲ್ಲಿ ಅಡ್ಡಾಗುತ್ತಿದ್ದೆವು. ನಮಗೆ ಗಡಿಯಾರ ಬೇಕಿರಲಿಲ್ಲ. ಗೊರಕೆ ಕೇಳುವವರೆಗೆ ನಿಶ್ಚಿಂತೆ, ಗೊರಕೆ ನಿಂತರೆ ಧಣಿ ಎದ್ದರು ಎಂದರ್ಥ.

ತೊಂದರೆಯೆಂದರೆ, ಅದು ಪದೇ ಪದೇ ನಿಲ್ಲುತ್ತಿತ್ತು. ದೋಸೆ ಮಾಸ್ಟರ್ ಕೆಳಗಿನ ಗ್ರೈಂಡರಿಗೆ ಓಡುವನು, ನಾನು ಗಲ್ಲಾಕ್ಕೆ. ಅಷ್ಟರಲ್ಲಿ ಮೇಲಿನಿಂದ ಗೊರ್ರ್ ಎಂದು ದೊಡ್ಡ ಸದ್ದು, ಮತ್ತೆ ಗೊರಕೆ ಶುರು. ನಾವು ಮತ್ತೆ ಮಹಡಿ ಹತ್ತುತ್ತಿದ್ದೆವು. ಹತ್ತಿ ಇಳಿದು ಮೊಣಕಾಲು ನೋವು ಬಂದ ಮಾಸ್ಟರ್ ಒಂದು ದಿನ ಹೇಳಿದ, "ಇವರು ಮಲಗುದಲ್ಲ ಮಾರಾಯ್ರೆ, ನಮ್ಮನ್ನು ಪರೀಕ್ಷೆ ಮಾಡುದು."

ಹೃದಯದ ಡಾಕ್ಟರು

ಧಣಿಯ ಎದೆಬಡಿತ ತಪ್ಪಲು ಶುರುವಾದಾಗ ನಾನೇ ಡಾಕ್ಟರ ಬಳಿ ಕರೆದೊಯ್ದೆ. ಗೊರಕೆ ಉಂಟೇ ಎಂದು ಅವರು ಕೇಳಿದರು. ಧಣಿ ಖಡಾಖಂಡಿತವಾಗಿ ಇಲ್ಲ ಎಂದರು. ಅವರ ಹೆಂಡತಿ ಆ ಸದ್ದು ತಾಳಲಾರದೆ ಬೇರೆ ಕೋಣೆಯಲ್ಲಿ ಮಲಗಲು ಶುರುಮಾಡಿ ವರ್ಷಗಳಾಗಿದ್ದವು. ನಾನು ಬಾಯಿ ತಡೆಯಲಾರದೆ ಮಾಸ್ಟರ್ ಹೇಳಿದ ಪರೀಕ್ಷೆಯ ಕತೆಯನ್ನೆಲ್ಲ ಹೇಳಿಬಿಟ್ಟೆ.

ಡಾಕ್ಟರು ನಗಲಿಲ್ಲ. ಗೊರಕೆ ನಿಂತಾಗೆಲ್ಲ ಇವರ ಗಂಟಲು ಮುಚ್ಚಿ ಉಸಿರೇ ನಿಲ್ಲುತ್ತಿರಬಹುದು, ಆಗ ಹೃದಯ ಒದ್ದಾಡುತ್ತದೆ, ಬಿಪಿ ಏರುತ್ತದೆ, ಬಡಿತ ತಪ್ಪುತ್ತದೆ, ಹೀಗೇ ಬಿಟ್ಟರೆ ಹೃದಯಾಘಾತಕ್ಕೂ ದಾರಿ ಎಂದರು. ಮೊದಲು ನಿದ್ರೆಯ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟರು. ನಾವು ಗ್ರೈಂಡರಿಗೆ ಓಡುತ್ತಿದ್ದ ಹೊತ್ತಿಗೆ ಆ ಮನುಷ್ಯ ಮೇಲೆ ಉಸಿರಿಗೆ ಒದ್ದಾಡುತ್ತಿದ್ದರು.

ಆಟೋದಲ್ಲಿ ಧಣಿ ಡಾಕ್ಟರ ಚೀಟಿಯನ್ನೇ ನೋಡುತ್ತ ಕೂತರು. ಹೆದರಿದ್ದಾರೆ ಪಾಪ ಎಂದು ಧೈರ್ಯ ಹೇಳಲು ಹೊರಟೆ. ಅವರು ತಿರುಗಿ ಕೇಳಿದರು, "ಅಂದ್ರೆ, ನಾನು ಮಲಗಿದ ಮೇಲೆ ನೀವೆಲ್ಲ ಮಲಗ್ತೀರಾ?"

ಮುಖವಾಡ

ಡಾಕ್ಟರ ಅನುಮಾನ ನಿಜವಾಯಿತು. ಮಲಗಿದಾಗ ಗಾಳಿ ಒತ್ತುವ ಯಂತ್ರ ಬಂತು, ಮೂಗಿಗೆ ಮಾಸ್ಕು ಬಂತು. ರಜೆಯ ದಿನ ಮನೆಯಲ್ಲಿ ಹಾಕಿಕೊಂಡು ಮಲಗಿದರಂತೆ. ಎಷ್ಟು ಹೊತ್ತಾದರೂ ಸದ್ದಿಲ್ಲದ್ದು ಕಂಡು ಅವರ ಹೆಂಡತಿ ಓಡಿಬಂದು ಅಲುಗಾಡಿಸಿ, "ಉಸಿರುಂಟಲ್ಲ?" ಎಂದು ಕೇಳಿದರಂತೆ. ಉಸಿರುಂಟು, ಈಗ ನಿದ್ರೆ ಹೋಯಿತು ಎಂದರಂತೆ ಧಣಿ.

ಗಂಟೆ

ಹೋಟೆಲಿನ ಮಹಡಿಯಲ್ಲೂ ಮಾಸ್ಕು ಹಾಕಿಯೇ ಮಲಗತೊಡಗಿದ ಧಣಿಗೆ ಲವಲವಿಕೆ ಬಂತು, ಬಿಪಿ ಹಿಡಿತಕ್ಕೆ ಬಂತು. ಕೆಟ್ಟದ್ದು ನಮ್ಮ ನಿದ್ರೆ. ಗೊರಕೆಯೇ ಇಲ್ಲದ ಮೇಲೆ ಅವರು ಮಲಗಿದ್ದಾರೋ ಎದ್ದಿದ್ದಾರೋ ಗೊತ್ತಾಗುವುದು ಹೇಗೆ? ಹೆದರಿ ಯಾರೂ ಕಣ್ಣು ಮುಚ್ಚಲಿಲ್ಲ. ಸಂಜೆಯ ಚಟ್ನಿ ಮಧ್ಯಾಹ್ನವೇ ತಯಾರಾಗುತ್ತಿತ್ತು. ನಮ್ಮ ಬಾಡಿದ ಮುಖ ನೋಡಿ ಧಣಿಗೇ ಕರುಣೆ ಬಂತು. ಎಲ್ಲರೂ ಆರಾಮಾಗಿ ಮಲಗಿ, ಎದ್ದ ಮೇಲೆ ನಾನೇ ಗಂಟೆ ಹೊಡೆಯುತ್ತೇನೆ ಎಂದರು.

ಮರುದಿನ ನನಗೆ ಎಚ್ಚರವಾದಾಗ ಧಣಿ ಗಂಟೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು, ಹೊಡೆದಿರಲಿಲ್ಲ. ಒಳಗೆ ದೋಸೆ ಮಾಸ್ಟರ್ ಗೊರಕೆ ಹೊಡೆಯುತ್ತಿದ್ದ. ಅದು ತಟ್ಟನೆ ನಿಂತಿತು. ಧಣಿಯ ಮುಖ ಬಿಳುಚಿತು. ಸ್ವಲ್ಪ ಹೊತ್ತಿಗೆ ಗೊರ್ರ್ ಎಂದು ಮತ್ತೆ ಶುರುವಾಯಿತು. ಧಣಿ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು:

"ನಾಳೆಯೇ ಇವನನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗು ಮಾರಾಯ. ಇವನು ಈಗ ನನ್ನನ್ನು ಪರೀಕ್ಷೆ ಮಾಡ್ತಾ ಇದ್ದಾನೆ."